ಸರಳೆ ವರಸೆ ಮತ್ತು ನಾನು

ಮೊನ್ನೆ ರಾತ್ರಿ ಹನ್ನೊಂದು ಗಂಟೆ. ಆಫೀಸಿನ ಕೆಲಸ ಮುಗಿಸಿ ಬರೆಯೋಕೆ ಕೂತರೆ ಒಂದು ಸಾಲೂ ಹುಟ್ಟಲಿಲ್ಲ. ಮೂರು ವಾರದಿಂದ ಇದೇ ಕಥೆ. ಸ್ಫೂರ್ತಿಯಾದರೂ ಬರಲಿ ಅಂತ ಹೆಡ್‌ಫೋನ್ ಹಾಕಿಕೊಂಡು ಒಂದು ಕಛೇರಿ ಹಾಕಿದೆ. ಹಂಸಧ್ವನಿ ಶುರುವಾಯಿತು. ಕೈ ತಾನಾಗಿಯೇ ತೊಡೆಯ ಮೇಲೆ ಆದಿತಾಳ ಹಾಕತೊಡಗಿತು!

ಹತ್ತನೇ ಕ್ಲಾಸಿನಲ್ಲಿ 'ಓದು ಹಾಳಾಗುತ್ತೆ' ಅಂತ ಸಂಗೀತ ಪಾಠ ಬಿಟ್ಟವನು ನಾನು. ಪುರಂದರದಾಸರು ಹಾಕಿಕೊಟ್ಟದ್ದು ಅನ್ನುವ ಸರಳೆ ವರಸೆ ಆಗ ಶುದ್ಧ ಬೋರು. ಅದೇ ಮಾಯಾಮಾಳವಗೌಳ, ಅದೇ ಏಳು ಸ್ವರ. ಮೊದಲು ಒಂದನೇ ಕಾಲ, ಆಮೇಲೆ ಎರಡು, ಮೂರು. ಮೇಷ್ಟ್ರು ಒಂದು ದಿನವೂ "ಮೂಡ್ ಇದೆಯೇನೋ?" ಅಂತ ಕೇಳಿದವರಲ್ಲ. "ಎಲ್ಲಿ, ಹಾಡು" ಅಷ್ಟೇ.

ಹಂಸಧ್ವನಿಯಲ್ಲಿ ಮಧ್ಯಮವಿಲ್ಲ, ಧೈವತವೂ ಇಲ್ಲ. ಐದೇ ಸ್ವರ. ಅಷ್ಟರಲ್ಲೇ ಅರ್ಧ ಗಂಟೆ ಹಾಡಿ ಕೂರಿಸುವವರಿದ್ದಾರೆ. ನಾನೋ, ಟೈಮಿಲ್ಲ, ವಿಷಯವಿಲ್ಲ ಅಂತ ಗೊಣಗುತ್ತಾ ಕೂತಿದ್ದೆ.

ಮೂಡ್ ಬರಲಿ ಅಂತ ಕಾಯೋದು ಸೋಮಾರಿತನದ ಒಳ್ಳೆ ಹೆಸರು, ಅಷ್ಟೇ ಅಂತ ನನಗೀಗ ಅನ್ನಿಸುತ್ತೆ. ಹಾಡು ಹಿನ್ನೆಲೆಗಿಟ್ಟುಕೊಂಡು ಟೈಪ್ ಮಾಡಿದರೆ ಎರಡೂ ಕೆಡುತ್ತವೆ. ಅದಕ್ಕೇ ಈಗ ಬರೆಯುವ ಮುಂಚೆ ಹದಿನೈದು ನಿಮಿಷ ಕಂಪ್ಯೂಟರ್ ಆಫ್, ಸರಳೆ ವರಸೆ ಆನ್. ಗಂಟಲು ಕೆಟ್ಟಿದೆ, ಪಕ್ಕದ ಮನೆಯವರು ಕ್ಷಮಿಸಲಿ :-) ಆದರೂ ಮೂರು ವಾರದ ಮೇಲೆ ಇದೊಂದು ಬರೆದಾಯ್ತು. ಒಂದನೇ ಕಾಲದಲ್ಲೇ ಸರಿ.

ನೀವು ಅರ್ಧಕ್ಕೆ ಬಿಟ್ಟ ವಿದ್ಯೆ ಯಾವುದು? ಒಮ್ಮೆ ಧೂಳು ಕೊಡವಿ ನೋಡಿ...