ದಲ್ಲಾಳಿಯ ಮಾತು, ಮನೆಯ ಪತ್ರ

ಮುಂಬಯಿಯ ಕನ್ನಡಿಗ ಮನೆ ಕೊಳ್ಳುವುದು ಸಾಮಾನ್ಯವಾಗಿ ಬಾಳಿನಲ್ಲಿ ಒಂದು ಸಲ; ದಲ್ಲಾಳಿಗಾದರೋ ಅದು ನಿತ್ಯದ ಕಸುಬು. ಈ ಅಸಮತೆಯನ್ನು ಮರೆತು, ‘ಅವನು ನಮ್ಮ ಊರಿನವ, ನಮ್ಮ ಭಾಷೆಯವ’ ಎಂಬ ಒಂದೇ ಭರವಸೆಯ ಮೇಲೆ ಜೀವಮಾನದ ಉಳಿತಾಯವನ್ನು ಒಪ್ಪಿಸಿಬಿಡುವ ನಮ್ಮವರ ಔದಾರ್ಯವನ್ನು ಖಂಡಿಸದೆ ಗತ್ಯಂತರವಿಲ್ಲ. ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತವರು, ಸರ್ಕಾರಿ ವಸತಿಗೃಹವನ್ನು ತೆರವು ಮಾಡಬೇಕಾದ ನಿವೃತ್ತ ನೌಕರರು ಘಾಟ್‌ಕೋಪರ್, ಮುಲುಂಡ್, ಡೊಂಬಿವಲಿ, ಮೀರಾ ರೋಡುಗಳಲ್ಲಿ ಹೆಚ್ಚಾಗಿ ಅರಸುವುದು ಕೈಗೆಟಕುವ ಹಳೆಯ ಮನೆಯನ್ನು. ಅಪಾಯವಿರುವುದೂ ಅಲ್ಲಿಯೇ.

ದಲ್ಲಾಳಿ ಯಾರ ಪ್ರತಿನಿಧಿ? 1872ರ ಕರಾರು ಕಾಯ್ದೆಯ ಪ್ರಕಾರ ಪ್ರತಿನಿಧಿಯಾದವನು ತನ್ನನ್ನು ನೇಮಿಸಿದವನಿಗೆ ತಿಳಿಸದೆ ಸ್ವಂತ ಲಾಭದ ವ್ಯವಹಾರ ನಡೆಸುವಂತಿಲ್ಲ. ಆದರೆ ಮುಂಬಯಿಯ ರೂಢಿಯಲ್ಲಿ ಅವನು ಮಾರುವವನಿಂದಲೂ ಕೊಳ್ಳುವವನಿಂದಲೂ ದಲಾಲಿ ಪಡೆಯುತ್ತಾನೆ. ಬೆಲೆ ಏರಿದರೆ ಒಬ್ಬನಿಗೆ ಹಿತ, ಇಳಿದರೆ ಇನ್ನೊಬ್ಬನಿಗೆ. ಇಬ್ಬರ ಹಿತವನ್ನೂ ಒಬ್ಬನೇ ಕಾಯುವುದೆಂತು? ವ್ಯವಹಾರ ಮುಗಿಯುವುದಷ್ಟೇ ಅವನ ಹಿತ. ‘ಇಂದೇ ಟೋಕನ್ ಕೊಡಿ, ನಾಳೆ ಬೇರೆ ಗಿರಾಕಿ ಬರುತ್ತಾನೆ’ ಎಂಬ ಅವಸರದ ಮೂಲ ಇದೇ.

2016ರ ರೇರಾ ಕಾಯ್ದೆ ನಮ್ಮನ್ನು ಕಾಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮಹಾರೇರಾ ಪ್ರಾಧಿಕಾರವು 2023ರಲ್ಲಿ ದಲ್ಲಾಳಿಗಳಿಗೆ ತರಬೇತಿ, ಪರೀಕ್ಷೆಗಳನ್ನು ವಿಧಿಸಿದ್ದು ನಿಜ. ಆದರೆ ಆ ಕಾಯ್ದೆ ದಲ್ಲಾಳಿಯ ನೋಂದಣಿಯನ್ನು ಕಡ್ಡಾಯ ಮಾಡಿರುವುದು ನೋಂದಾಯಿತ ಯೋಜನೆಗಳ ಮಾರಾಟಕ್ಕೆ. ಮೂವತ್ತು ವರ್ಷ ಹಳೆಯ ಸೊಸೈಟಿಯ ಮನೆಯನ್ನು ಕೈಬದಲಾಯಿಸುವವನು ಆ ಬೇಲಿಯ ಹೊರಗೇ ಉಳಿಯುತ್ತಾನೆ. ಬೇಲಿಯಾದರೂ ಗಟ್ಟಿಯೇ? ನಕಲಿ ಪರವಾನಗಿ ಪತ್ರಗಳ ಬಲದಿಂದ ರೇರಾ ನೋಂದಣಿಯನ್ನೇ ಗಿಟ್ಟಿಸಿದ್ದ ಕಲ್ಯಾಣ-ಡೊಂಬಿವಲಿಯ 65 ಕಟ್ಟಡಗಳನ್ನು ಕೆಡವಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಆದೇಶಿಸಿತು. ವರಳಿಯ ಕ್ಯಾಂಪಾ ಕೋಲಾ ಆವರಣದಲ್ಲಿ ಐದು ಮಹಡಿಗಳ ಅನುಮತಿಯ ಮೇಲೆ ಎದ್ದು ನಿಂತಿದ್ದ ಮೇಲಂತಸ್ತುಗಳನ್ನು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಅಕ್ರಮವೆಂದು ಸಾರಿತು; 2014ರ ಜೂನಿನಲ್ಲಿ ಆ ಮನೆಗಳ ನೀರು, ವಿದ್ಯುತ್ತು, ಅನಿಲಗಳನ್ನು ಕಡಿಯಲಾಯಿತು. ದಶಕಗಳ ವಾಸವೂ ಇಲ್ಲದ ಪತ್ರಕ್ಕೆ ಬದಲಿಯಾಗಲಿಲ್ಲ.

ಆದ್ದರಿಂದ ಮಾತನ್ನು ಬಿಟ್ಟು ಪತ್ರವನ್ನು ಕೇಳೋಣ. ಕಟ್ಟಡದ ವಾಸಯೋಗ್ಯತಾ ಪ್ರಮಾಣಪತ್ರ ಸಾಚಾ ಹೌದೇ ಎಂಬುದನ್ನು ಮಹಾನಗರಪಾಲಿಕೆಯಲ್ಲಿಯೇ ವಿಚಾರಿಸಬೇಕು. ಬಿಲ್ಡರನ ಮೊದಲ ಕರಾರಿನಿಂದ ಇಂದಿನ ಮಾಲೀಕನವರೆಗಿನ ಎಲ್ಲ ಕರಾರುಗಳ ಸರಪಳಿ ಕೊಂಡಿ ಕಳಚದೆ ಇರಬೇಕು. ಉಪನೋಂದಣಾಧಿಕಾರಿಯ ಕಚೇರಿಯ ದಾಖಲೆಗಳನ್ನು ವಕೀಲರಿಂದ ಶೋಧಿಸಬೇಕು. ಸಾಲವಿದ್ದರೆ ಮೂಲಪತ್ರಗಳು ತನ್ನಲ್ಲಿವೆಯೆಂದು ಬ್ಯಾಂಕೇ ಬರೆದುಕೊಡಬೇಕು. ಸೊಸೈಟಿಯ ಶೇರು ಪ್ರಮಾಣಪತ್ರದಲ್ಲಿ ಹೆಸರಿದ್ದ ಮಾತ್ರಕ್ಕೆ ಮಾರುವವನು ಏಕಮಾತ್ರ ಒಡೆಯನಾಗುವುದಿಲ್ಲ. ತೀರಿಕೊಂಡ ಸದಸ್ಯ ನಾಮನಿರ್ದೇಶನ ಮಾಡಿದವನ ಹೆಸರಿಗೆ ಸೊಸೈಟಿ ವರ್ಗಾವಣೆ ಮಾಡಿದರೂ ಉಳಿದ ವಾರಸುದಾರರ ಹಕ್ಕು ಅಳಿಯದೆಂದು ಸರ್ವೋಚ್ಚ ನ್ಯಾಯಾಲಯವು 2016ರ ಇಂದ್ರಾಣಿ ವಾಹಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮುಂಗಡವನ್ನು ಚೆಕ್ಕಿನ ಮೂಲಕ ಮಾಲೀಕನ ಹೆಸರಿಗೇ ಕೊಟ್ಟು, ಪತ್ರಗಳು ಸರಿಯಿಲ್ಲದಿದ್ದರೆ ಹಿಂದಿರುಗಿಸುವ ಷರತ್ತನ್ನು ರಶೀತಿಯಲ್ಲಿ ಬರೆಸಿಕೊಳ್ಳಬೇಕು. ದಲ್ಲಾಳಿಯ ಕೈಗೆ ನಗದು ಸಲ್ಲದು. ವರ್ಗಾವಣೆಗೆಂದು ಲಕ್ಷಗಳನ್ನು ಕೇಳಿದರೆ, ಮುಂಬಯಿಯ ಗೃಹ ಸೊಸೈಟಿಗಳು ಪಡೆಯಬಹುದಾದ ವರ್ಗಾವಣೆ ಪ್ರೀಮಿಯಮ್ಮಿಗೆ ರಾಜ್ಯ ಸರ್ಕಾರ 2001ರಲ್ಲಿ 25,000 ರೂಪಾಯಿಗಳ ಮಿತಿ ಹಾಕಿದೆಯೆಂದು ನೆನಪಿಸಬೇಕು.

ವಕೀಲರಿಗೆ ದುಬಾರಿ ಶುಲ್ಕವೆಂದು ಗೊಣಗುವವರು ಒಂದು ಲೆಕ್ಕ ಹಾಕಲಿ. ಎಂಬತ್ತು ಲಕ್ಷದ ಮನೆಗೆ ಶೇಕಡಾ ಒಂದರ ದಲಾಲಿಯೆಂದರೂ ಎಂಬತ್ತು ಸಾವಿರ. ಬೀಗ ತೆರೆದು ಕೋಣೆ ತೋರಿಸಿದವನಿಗೆ ಅಷ್ಟನ್ನು ನಗುನಗುತ್ತ ಕೊಡುವ ನಾವು, ಪತ್ರ ಓದುವವನ ಬಳಿ ಚೌಕಾಸಿಗಿಳಿಯುತ್ತೇವೆ. ಕೆಲವರಂತೂ ದಲ್ಲಾಳಿಯೇ ಕರೆತಂದ ವಕೀಲನನ್ನು ಒಪ್ಪಿಕೊಳ್ಳುತ್ತಾರೆ. ಬೆಕ್ಕಿನ ಸಾಕ್ಷಿಯ ಮೇಲೆ ಹಾಲನ್ನು ಅಳೆಯುವ ನ್ಯಾಯವಿದು.

ನಮ್ಮ ಸಂಘಗಳ ಹೊಣೆಯೇನು? ಸ್ಮರಣ ಸಂಚಿಕೆಗೆ ಪುಟ ತುಂಬ ಜಾಹೀರಾತು ಕೊಟ್ಟವನಿಗೆ ವೇದಿಕೆಯ ಮೇಲೆ ಶಾಲು ಹೊದಿಸಿದರೆ, ಆ ಶಾಲೇ ಸಭಿಕರ ಕಣ್ಣಿಗೆ ಪ್ರಾಮಾಣಿಕತೆಯ ಪ್ರಮಾಣಪತ್ರವಾಗುತ್ತದೆ. ಭಾಷಾಬಂಧುತ್ವವನ್ನು ಹೀಗೆ ಅಡವಿಡಲು ಯಾವ ಸಂಘಕ್ಕೂ ಅಧಿಕಾರವಿಲ್ಲ. ಮುಂಬಯಿಯ ನಮ್ಮ ಹಿರಿಯರು ಹೋಟೆಲಿನ ಹುಡುಗರಿಗೆ ಅಕ್ಷರ ಕಲಿಸಲು ರಾತ್ರಿಶಾಲೆಗಳನ್ನು ಕಟ್ಟಿದರು. ಇಂದು ನಮ್ಮವರು ಎಡವುತ್ತಿರುವುದು ಇಂಗ್ಲಿಷಿನ ಕರಾರು ಮತ್ತು ಮರಾಠಿಯ ನೋಂದಣಿ ದಾಖಲೆಗಳ ಮುಂದೆ. ಪ್ರತಿ ಸಂಘದಲ್ಲಿಯೂ ನಿವೃತ್ತ ಬ್ಯಾಂಕ್ ಅಧಿಕಾರಿಗಳಿದ್ದಾರೆ, ವಕೀಲರಿದ್ದಾರೆ. ತಿಂಗಳಿಗೊಂದು ಭಾನುವಾರ ಅವರು ಸಭಾಗೃಹದಲ್ಲಿ ಕುಳಿತು, ಮನೆ ಕೊಳ್ಳಹೊರಟವರ ಪತ್ರಗಳನ್ನು ಮುಂಗಡಕ್ಕೆ ಮೊದಲೇ ಓದಿಕೊಡಲಿ. ಅದಕ್ಕೆ ದೇಣಿಗೆಯೂ ಬೇಡ, ಉದ್ಘಾಟಕರೂ ಬೇಡ.