ಪರದೇಶೀಯರ ಸೆರೆಯೂ ನ್ಯಾಯಸ್ಥಾನವೂ

ಯುದ್ಧಕಾಲದಲ್ಲಿ ಸೆರೆಸಿಕ್ಕ ಪರದೇಶೀಯನು ಶತ್ರು. ಶತ್ರುವಿಗೆ ನ್ಯಾಯಸ್ಥಾನವೇಕೆ ಎಂದು ವಿದ್ಯಾವಂತರೂ ಕೇಳುವುದುಂಟು. ತರ್ಕಶಾಸ್ತ್ರವನ್ನು ಅಲ್ಪಸ್ವಲ್ಪ ಓದಿದವನಿಗೂ ಇದು ಸಾಧ್ಯಸಮವೆಂಬ ಹೇತ್ವಾಭಾಸವೆಂದು ತೋರದಿರದು. ಅವನು ಶತ್ರುವೋ ಅಲ್ಲವೋ ಎಂಬುದೇ ಇನ್ನೂ ಸಾಧಿಸಬೇಕಾಗಿರಲು, ಅದನ್ನೇ ಹೇತುವಾಗಿ ಹಿಡಿದು ವಿಚಾರಣೆಯನ್ನು ತಪ್ಪಿಸುವುದು ಎಲ್ಲಿಯ ನ್ಯಾಯ?

ಲಖ್ದಾರ್ ಬೂಮೆದಿಯೆನ್ ಎಂಬಾತನ ವೃತ್ತಾಂತವನ್ನು ನೋಡಿರಿ. ಅಲ್ಜೀರಿಯಾದಲ್ಲಿ ಹುಟ್ಟಿ ಬಾಸ್ನಿಯಾದಲ್ಲಿ ನೆಲಸಿದ್ದ ಈತನನ್ನೂ ಇನ್ನೈವರನ್ನೂ, ಸರಾಯೆವೋದ ಅಮೆರಿಕನ್ ರಾಯಭಾರ ಕಚೇರಿಯನ್ನು ಸ್ಫೋಟಿಸಲು ಸಂಚುಹೂಡಿದರೆಂಬ ಸಂಶಯದಿಂದ 2001ರಲ್ಲಿ ಬಂಧಿಸಿದರು. 2002ರ ಜನವರಿಯಲ್ಲಿ ಅಲ್ಲಿಯ ನ್ಯಾಯಸ್ಥಾನವು ಅವರ ಬಿಡುಗಡೆಗೆ ಆಜ್ಞೆಯಿತ್ತಿತು. ಆದರೂ ಅವರನ್ನು ಮನೆಗೆ ಕಳುಹಿಸದೆ ಅಮೆರಿಕನ್ನರ ವಶಕ್ಕೆ ಕೊಟ್ಟರು. ಸೇರಿದ್ದು ಕ್ಯೂಬಾದ ಗ್ವಾಂಟಾನಮೋ ಸೆರೆಮನೆಯನ್ನು. 1903ರ ಗುತ್ತಿಗೆಯಂತೆ ಆ ನೆಲದ ಪರಮಾಧಿಕಾರ ಕ್ಯೂಬಾದ್ದು, ಆಡಳಿತವೆಲ್ಲ ಅಮೆರಿಕೆಯದು. ನೆಲ ನಮ್ಮದಲ್ಲ, ಆದುದರಿಂದ ಅಲ್ಲಿಯ ಪರದೇಶೀಯರಿಗೆ ನಮ್ಮ ರಾಜ್ಯಾಂಗದ ರಕ್ಷಣೆಯಿಲ್ಲ ಎಂಬುದು ಸರ್ಕಾರದ ವಾದ. ಬೀಗದ ಕೈ ತಮ್ಮ ಸೊಂಟದಲ್ಲಿ, ಮನೆ ಮಾತ್ರ ಪರರದು! 2006ರಲ್ಲಿ ಅಲ್ಲಿಯ ಶಾಸನಸಭೆಯೂ ಇಂಥವರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ವಿಚಾರಿಸದಂತೆ ನ್ಯಾಯಸ್ಥಾನಗಳ ಕೈಕಟ್ಟಿತು.

ದಂಗೆಯಲ್ಲಾಗಲಿ ಪರರ ದಾಳಿಯಲ್ಲಾಗಲಿ ಸಾರ್ವಜನಿಕ ಕ್ಷೇಮಕ್ಕೆ ಅವಶ್ಯವಾದ ಹೊರತು ಈ ಅರ್ಜಿಯ ಹಕ್ಕನ್ನು ತಡೆಯಕೂಡದೆಂದು ಅಮೆರಿಕೆಯ ರಾಜ್ಯಾಂಗವೇ ವಿಧಿಸಿದೆ. 2008ರ ಜೂನ್ 12ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರು, ನಾಲ್ವರ ಭಿನ್ನಮತವಿದ್ದಾಗ್ಯೂ, ಆ ಪ್ರತಿಬಂಧವನ್ನು ರದ್ದುಗೊಳಿಸಿದರು. ಸೆರೆಯ ಸ್ಥಳವನ್ನು ಆರಿಸಿಕೊಳ್ಳುವವರೇ ರಾಜ್ಯಾಂಗದ ಎಲ್ಲೆಯನ್ನೂ ಗುರುತಿಸುವುದಾದರೆ ಆ ರಾಜ್ಯಾಂಗದಿಂದ ಪ್ರಯೋಜನವೇನು?

ಈ ತೀರ್ಪಿನಿಂದ ಇನ್ನಷ್ಟು ಅಮೆರಿಕನ್ನರ ಪ್ರಾಣಹಾನಿಯಾದೀತೆಂದು ನ್ಯಾಯಾಧೀಶ ಸ್ಕಾಲಿಯಾ ಬರೆದರು. ಭಯವು ಪ್ರಮಾಣವಲ್ಲ. ವಿಚಾರಣೆಗೆ ಮುನ್ನವೇ ಸರ್ಕಾರವು ರಾಯಭಾರ ಕಚೇರಿಯ ಆರೋಪವನ್ನು ತಾನಾಗಿಯೇ ಕೈಬಿಟ್ಟಿತು! ಉಳಿದದ್ದು, ಆಫ್ಘಾನಿಸ್ತಾನಕ್ಕೆ ಹೋಗಿ ಹೋರಾಡಲಿದ್ದರೆಂಬ ಮಾತು. ಐವರ ವಿಷಯದಲ್ಲಿ ಅದಕ್ಕೆ ಆಧಾರ ಹೆಸರಿಲ್ಲದ ಒಬ್ಬನ ಹೇಳಿಕೆ. ಅದು ಸಾಲದೆಂದು ನವೆಂಬರಿನಲ್ಲಿ ಜಿಲ್ಲಾ ನ್ಯಾಯಾಧೀಶರು ಐವರ ಬಿಡುಗಡೆಗೆ ಆಜ್ಞಾಪಿಸಿದರು. ಆರನೆಯವನ ಸೆರೆಯನ್ನು ಅಂದು ಎತ್ತಿಹಿಡಿದರು. ಬೂಮೆದಿಯೆನ್ ಫ್ರಾನ್ಸನ್ನು ಸೇರಿದ್ದು 2009ರ ಮೇ ತಿಂಗಳಲ್ಲಿ. ಏಳು ವರ್ಷಗಳ ಮೇಲೆ ನಡೆದ ಈ ವಿಚಾರಣೆಯು ಮೊದಲ ವರ್ಷದಲ್ಲೇ ನಡೆಯಬಾರದಾಗಿತ್ತೆ?

ನಾವು ಅಮೆರಿಕೆಯನ್ನು ಹಳಿದು ಸುಮ್ಮನಾಗುವಂತಿಲ್ಲ. 1962ರ ಚೀನಾ ಯುದ್ಧದಲ್ಲಿ ಚೀನೀ ಮೂಲದ ಸುಮಾರು 3,000 ಜನರನ್ನು, ಇಲ್ಲಿಯೇ ಹುಟ್ಟಿದವರನ್ನೂ ಮಕ್ಕಳನ್ನೂ ಕೂಡಿಸಿ, ರಾಜಸ್ಥಾನದ ದೇವ್ಲಿಯಲ್ಲಿ ಕೂಡಿಹಾಕಿದ್ದೆವು. ನಮ್ಮ ಸಂವಿಧಾನದ 21ನೆಯ ಅನುಚ್ಛೇದವು ಕೇವಲ ಪೌರನನ್ನಲ್ಲ, ಪ್ರತಿಯೊಬ್ಬ ವ್ಯಕ್ತಿಯನ್ನೂ ರಕ್ಷಿಸುತ್ತದೆ. ಆದರೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬ 22ನೆಯದರ ನಿಯಮದಿಂದ ಶತ್ರುದೇಶೀಯನನ್ನು ಹೊರಗಿಟ್ಟಿದೆ. ಅವನನ್ನು ಶತ್ರುದೇಶೀಯನೆಂದು ನಿರ್ಣಯಿಸತಕ್ಕವರು ಯಾರೆಂಬುದನ್ನು ಮುಂದಿನ ಯುದ್ಧಕ್ಕೆ ಮುಂಚೆಯೇ ನಮ್ಮ ಶಾಸನಕರ್ತರು ಸ್ಪಷ್ಟಪಡಿಸಲಿ.