ಮೊದಲು ಪೋರ್ಟಲ್ ಸರಿಪಡಿಸಲಿ

2023ರ ಜೂನ್‌ನಲ್ಲಿ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯ ನೋಂದಣಿ ಶುರುವಾದಾಗ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನ ಸರ್ವರ್ ಪದೇ ಪದೇ ಕೈಕೊಟ್ಟಿತು. ಗುರುಪುರದಿಂದ ಎಚ್.ಡಿ. ಕೋಟೆಯವರೆಗೆ ಪಹಣಿ, ಪಿಂಚಣಿಗಳಿಗೂ ಆನ್‌ಲೈನ್ ವ್ಯವಸ್ಥೆಯೇ ಆಧಾರವಾಗಿರುವಾಗ, ಕೆಟ್ಟ ಪೋರ್ಟಲ್ ಎಂದರೆ ಬಾಗಿಲು ಮುಚ್ಚಿದ ಕಚೇರಿ. ದೋಷವನ್ನು ಮೊದಲೇ ಹಿಡಿಯುವ ಸಾಧನ ಈಗ ಇದೆ. ಗೂಗಲ್ 2025ರ ಸೆಪ್ಟೆಂಬರ್‌ನಲ್ಲಿ ಹೊರತಂದ ಕ್ರೋಮ್ ಡೆವ್‌ಟೂಲ್ಸ್ ಎಂಸಿಪಿ ಎಂಬ, ಎಐಯನ್ನು ಬ್ರೌಸರಿಗೆ ಜೋಡಿಸುವ ತಂತ್ರಾಂಶದ ಮೂಲಕ ಎಐ ಸಹಾಯಕ ತಾನೇ ಬ್ರೌಸರ್ ತೆರೆದು, ಅರ್ಜಿ ತುಂಬಿ, ಗುಂಡಿ ಒತ್ತಿ, ಯಾವ ಕೋರಿಕೆ ಎಲ್ಲಿ ಸಿಕ್ಕಿಕೊಂಡಿತು ಎಂದು ನೋಡಬಲ್ಲದು. ಹಳ್ಳಿಯ ನಿಧಾನ ನೆಟ್‌ವರ್ಕಿನಲ್ಲಿ ಪುಟ ಹೇಗೆ ತೆರೆದೀತು ಎಂದೂ ಪರೀಕ್ಷಿಸಬಲ್ಲದು. ಯಾವುದೇ ಯೋಜನೆಯ ನೋಂದಣಿಗೆ ಮುನ್ನ ಸರ್ಕಾರ ಇಂಥ ಪರೀಕ್ಷೆಯನ್ನು ಕಡ್ಡಾಯ ಮಾಡಬೇಕು.

ಲಕ್ಷಾಂತರ ಜನ ಒಮ್ಮೆಲೇ ಬಂದಾಗಿನ ಒತ್ತಡವನ್ನು ಇದು ಅಳೆಯದು ಎಂಬ ಆಕ್ಷೇಪ ಸರಿಯೇ. ಅದಕ್ಕೆ ಲೋಡ್ ಪರೀಕ್ಷೆ ಬೇರೆಯೇ ಆಗಬೇಕು. ಆದರೆ ಕನ್ನಡ ಹೆಸರು ಒಪ್ಪದ ಖಾನೆ, ಒತ್ತಿದರೂ ಕದಲದ ಗುಂಡಿ ಇದರ ಕಣ್ಣಿಗೆ ಬೀಳುತ್ತವೆ. ಹಾಗಾದರೆ ರೈತರ ಅರ್ಜಿಯನ್ನೂ ಇದೇ ತುಂಬಲಿ ಎನ್ನಬಹುದು. ಅದು ಈಗಲೇ ಬೇಡ. ಪುಟದಲ್ಲಿ ಅಡಗಿಸಿಟ್ಟ ಸೂಚನೆಯನ್ನು ಎಐ ಅಪ್ಪಣೆಯೆಂದು ಪಾಲಿಸುವ ಅಪಾಯ ಇನ್ನೂ ನೀಗಿಲ್ಲ. ಬ್ರೌಸರಿನಲ್ಲಿರುವ ಮಾಹಿತಿಯೆಲ್ಲ ಅದಕ್ಕೆ ಕಾಣುತ್ತದೆಂದು ಗೂಗಲ್ಲೇ ಎಚ್ಚರಿಸಿದೆ. ಪರೀಕ್ಷೆಗೆ ಕಲ್ಪಿತ ಮಾಹಿತಿ ಸಾಕು; ಆಧಾರ್ ಸಂಖ್ಯೆ, ಒಟಿಪಿ ಜನರ ಕೈಯಲ್ಲೇ ಇರಲಿ.